ಕಿಟಕಿಯಿಂದ ಲಿಫ್ಟ್‌ವರೆಗೆ ಎಷ್ಟು ಅಡಿ?

ದೊಡ್ಡ ಆಫೀಸಿನ ನಟ್ಟನಡುವೆ ಕೂತು ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ಹೊರಗೆ ಮಳೆ ಬಂದರೂ ತಿಳಿಯುವುದಿಲ್ಲ, ಸಂಜೆಯಾದರೂ ತಿಳಿಯುವುದಿಲ್ಲ. ತಲೆಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಿರುತ್ತದೆ, ಏಸಿ ಗಾಳಿ ಬರುತ್ತಿರುತ್ತದೆ. ಕಿಟಕಿ ಮಾತ್ರ ಎಲ್ಲೋ ನಲವತ್ತು ಅಡಿ ಆಚೆ. ಎಂಟು ಗಂಟೆ ದುಡಿದು ಎದ್ದು ಹೋಗಲು ಆ ಜಾಗ ಸಾಕು. ಈಗ ಆ ಟೇಬಲ್ ತೆಗೆದು ಅಲ್ಲೊಂದು ಮಂಚ ಹಾಕಿದ್ದೀರಿ ಅಂದುಕೊಳ್ಳಿ. ಅಲ್ಲಿ ಮಗುವನ್ನು ಮಲಗಿಸಲು ಮನಸ್ಸು ಬರುತ್ತದಾ?

ಖಾಲಿ ಬಿದ್ದ ಆಫೀಸ್ ಕಟ್ಟಡಗಳನ್ನು ಮನೆ ಮಾಡಿ ಎಂಬ ಮಾತು ಕೋವಿಡ್ ಬಂದುಹೋದ ಮೇಲೆ ಜೋರಾಗಿದೆ. ಮಾತಿನಲ್ಲಿ ನ್ಯಾಯವೂ ಇದೆ. ಒಂದು ಕಡೆ ಊರ ನಡುವೆ ಖಾಲಿ ಮಹಡಿಗಳು, ಇನ್ನೊಂದು ಕಡೆ ಬಾಡಿಗೆ ಕಟ್ಟಲಾಗದೆ ಒದ್ದಾಡುವ ಜನ. ಇವರನ್ನು ಅಲ್ಲಿಗೆ ಕಳಿಸಿದರೆ ಆಯ್ತು, ಅಲ್ವಾ? ಅಷ್ಟು ಸುಲಭವಾಗಿದ್ದರೆ ಇಷ್ಟು ಹೊತ್ತಿಗೆ ಆಗಿಯೇ ಹೋಗಿರುತ್ತಿತ್ತು. ಯಾಕೆ ಆಗಲಿಲ್ಲ, ಆದ ಕಡೆ ಹೇಗಾಯಿತು, ಎಲ್ಲಿ ಎಡವಿದರು ಎಂದು ಹುಡುಕುತ್ತಾ ಹೋದರೆ ಮತ್ತೆ ಮತ್ತೆ ಬಂದು ನಿಲ್ಲುವುದು ಆ ಕಿಟಕಿಯ ಹತ್ತಿರವೇ.

ನೂರು ವರ್ಷದ ಹಿಂದೆ ಕಟ್ಟಿದ ಆಫೀಸ್‌ಗಳು ಹೀಗಿರಲಿಲ್ಲ. ಆಗಿನ ಬಲ್ಬುಗಳಿಂದ ಬೆಳಕಿಗಿಂತ ಬಿಸಿಯೇ ಜಾಸ್ತಿ. ದಿನವಿಡೀ ಲೆಕ್ಕ ಬರೆಯುವ ಗುಮಾಸ್ತರಿಗೆ ಕಿಟಕಿಯ ಬೆಳಕೇ ಗತಿ. ಕಿಟಕಿಯಿಂದ ತುಂಬಾ ಒಳಗಿರುವ ಜಾಗಕ್ಕೆ ಒಳ್ಳೆಯ ಬಾಡಿಗೆ ಹುಟ್ಟುತ್ತಿರಲಿಲ್ಲ. ಅದಕ್ಕೇ ಕಟ್ಟಡ ಎಷ್ಟೇ ದೊಡ್ಡದಾದರೂ ಮೈ ತೆಳ್ಳಗಿರುತ್ತಿತ್ತು. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಯು ಅಥವಾ ಇ ಅಕ್ಷರದ ಆಕಾರ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಎತ್ತರದ ಸೂರು, ತೆರೆದು ಮುಚ್ಚಲು ಬರುವ ಕಿಟಕಿ. 1916ರಲ್ಲಿ ನ್ಯೂಯಾರ್ಕ್ ಒಂದು ನಿಯಮ ತಂದು, ಮೇಲೆ ಹೋದ ಹಾಗೆ ಕಟ್ಟಡ ಬೀದಿಯಿಂದ ಹಿಂದೆ ಸರಿಯಬೇಕು ಎಂದಿತು. ಬೀದಿಗೆ ಗಾಳಿ ಬೆಳಕು ಬರಲಿ ಎಂದು ಮಾಡಿದ ನಿಯಮ ಅದು. ಅದರಿಂದ ಮೇಲಿನ ಮಹಡಿಗಳು ಇನ್ನೂ ತೆಳ್ಳಗಾದವು. ಕಟ್ಟಿದವರಿಗೆ ಗೊತ್ತಿರಲಿಲ್ಲ, ಅಷ್ಟೇ. ಮುಂದೆ ಮನೆಯಾಗಲು ಬೇಕಾದ ಗುಣವೆಲ್ಲ ಆ ಕಟ್ಟಡಗಳಲ್ಲಿ ಆಗಲೇ ಸೇರಿತ್ತು.

ಆಮೇಲೆ ಎರಡು ಯಂತ್ರಗಳು ಬಂದು ಎಲ್ಲವನ್ನೂ ಬದಲಾಯಿಸಿದವು. 1928ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಮೈಲಮ್ ಬಿಲ್ಡಿಂಗ್ ಎಂಬ ಎತ್ತರದ ಆಫೀಸ್ ಕಟ್ಟಡ ಪೂರ್ತಿ ಏಸಿಯೊಂದಿಗೆ ತಲೆ ಎತ್ತಿತು. ಅಂಥದ್ದು ಅದೇ ಮೊದಲು. 1938ರಲ್ಲಿ ಟ್ಯೂಬ್‌ಲೈಟು ಮಾರುಕಟ್ಟೆಗೆ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಎರಡೂ ಅಗ್ಗವಾದವು. ಇನ್ನು ಕಿಟಕಿಯ ಹಂಗೇಕೆ? 1950ರಿಂದ 80ರವರೆಗೆ ಎದ್ದ ಗಾಜಿನ ಡಬ್ಬಿಗಳಲ್ಲಿ ಮಹಡಿಗಳು ಅಗಲವಾಗುತ್ತಲೇ ಹೋದವು. ಲಿಫ್ಟು, ಮೆಟ್ಟಿಲು, ಶೌಚಾಲಯ ಎಲ್ಲ ನಡುವೆ. ಅಲ್ಲಿಂದ ಕಿಟಕಿಗೆ ಸಾಮಾನ್ಯವಾಗಿ ನಲವತ್ತು, ಐವತ್ತು ಅಡಿ. ಗಾಜು ತೆಗೆಯಲು ಬರುವುದಿಲ್ಲ. ಒಂದು ಒಳ್ಳೆಯ ಫ್ಲ್ಯಾಟ್‌ಗೆ ಇಪ್ಪತ್ತೈದರಿಂದ ಮೂವತ್ತು ಅಡಿ ಆಳ ಇದ್ದರೆ ಸಾಕು. ಉಳಿದ ಕತ್ತಲ ಜಾಗವನ್ನು ಏನು ಮಾಡುವುದು? ಇಡೀ ಸಮಸ್ಯೆಯ ಬೇರು ಇಲ್ಲಿದೆ.

ಮನೆಗೆ ಕಿಟಕಿ ಬೇಕು ಎಂಬ ಕಾನೂನು ಯಾರೋ ಅಧಿಕಾರಿ ಸುಮ್ನೆ ಬರೆದಿಟ್ಟದ್ದಲ್ಲ. ಹತ್ತೊಂಬತ್ತನೇ ಶತಮಾನದ ನ್ಯೂಯಾರ್ಕಿನಲ್ಲಿ ಬಡವರ ವಠಾರಗಳಲ್ಲಿ ಲಕ್ಷಗಟ್ಟಲೆ ಕೋಣೆಗಳಿಗೆ ಕಿಟಕಿಯೇ ಇರಲಿಲ್ಲ. ಒಂದೇ ಕತ್ತಲ ಕೋಣೆಯಲ್ಲಿ ಇಡೀ ಸಂಸಾರ ಮಲಗುತ್ತಿತ್ತು, ಕ್ಷಯ ಮನೆಯಿಂದ ಮನೆಗೆ ಹರಡುತ್ತಿತ್ತು. 1879ರ ಕಾನೂನು ಕಿಟಕಿ ಇಡಿ ಎಂದಿತು. ಕಟ್ಟುವವರು ಎರಡು ಕಟ್ಟಡಗಳ ನಡುವೆ ಕಿರಿದಾದ ಸಂದು ಬಿಟ್ಟು, ಅದರೊಳಗೆ ಕಿಟಕಿ ಇಟ್ಟರು. ಆ ಸಂದಿನಲ್ಲಿ ಬೆಳಕಿಗಿಂತ ಕಸವೇ ಜಾಸ್ತಿ ಬಿತ್ತು. ಕೊನೆಗೆ 1901ರ ಕಾನೂನು ಸರಿಯಾದ ಅಂಗಳವನ್ನೇ ಬಿಡಬೇಕು, ಪ್ರತಿ ಕೋಣೆಗೂ ಹೊರಗಿನ ಗಾಳಿ ಬರಬೇಕು ಎಂದು ಕಟ್ಟುನಿಟ್ಟು ಮಾಡಿತು. ಎಷ್ಟೋ ಜೀವ ಹೋದ ಮೇಲೆ ಸಿಕ್ಕಿದ ಕಿಟಕಿ ಇದು. ಆಫೀಸ್‌ಗಳನ್ನು ಬೇಗ ಮನೆ ಮಾಡಬೇಕು, ನಿಯಮ ಸಡಿಲಿಸಿ ಎಂದು ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಆ ವಠಾರಗಳೇ.

ದುಡಿಯುವ ಕಟ್ಟಡದಲ್ಲಿ ವಾಸ ಮಾಡುವ ಪ್ರಯೋಗವನ್ನು ದೊಡ್ಡದಾಗಿ ಶುರು ಮಾಡಿದವರು ಸರ್ಕಾರವೂ ಅಲ್ಲ, ಬಿಲ್ಡರ್‌ಗಳೂ ಅಲ್ಲ. 1960ರ ದಶಕದಲ್ಲಿ ನ್ಯೂಯಾರ್ಕಿನ ಸೋಹೊದಲ್ಲಿ ಸಣ್ಣ ಕಾರ್ಖಾನೆಗಳು ಮುಚ್ಚುತ್ತಾ ಬಂದವು. ಎತ್ತರದ ಸೂರು, ದೊಡ್ಡ ಕಿಟಕಿ, ಕಡಿಮೆ ಬಾಡಿಗೆ. ಚಿತ್ರ ಬರೆಯುವವರು, ಶಿಲ್ಪಿಗಳು ಅಲ್ಲಿಗೆ ಬಂದರು. ಕೆಲಸವೂ ಅಲ್ಲೇ, ಊಟ ನಿದ್ದೆಯೂ ಅಲ್ಲೇ. ಕಾನೂನಿನ ಪ್ರಕಾರ ಅದು ತಪ್ಪು. ಆದರೆ ಬೆಂಕಿ ಬಿದ್ದರೆ ಒಳಗೆ ಜನ ಇದ್ದಾರೆ ಎಂದು ತಿಳಿಯುವುದು ಹೇಗೆ? ಹಾಗಾಗಿ ಬಾಗಿಲ ಹತ್ತಿರ ಒಂದು ಚಿಕ್ಕ ಬೋರ್ಡು ಹಾಕುವ ಪದ್ಧತಿ ಬಂತು. ಅದರಲ್ಲಿ ಎ.ಐ.ಆರ್. (ಆರ್ಟಿಸ್ಟ್ ಇನ್ ರೆಸಿಡೆನ್ಸ್) ಎಂಬ ಮೂರಕ್ಷರ, ಪಕ್ಕದಲ್ಲಿ ಮಹಡಿಯ ಸಂಖ್ಯೆ. ಇಲ್ಲಿ ಕಲಾವಿದರು ವಾಸವಾಗಿದ್ದಾರೆ, ಮೊದಲು ಅವರನ್ನು ಉಳಿಸಿ ಎಂದು ಅಗ್ನಿಶಾಮಕದವರಿಗೆ ಹೇಳುವ ಬೋರ್ಡು. 1971ರಲ್ಲಿ ನಗರ ನಿಯಮ ಬದಲಿಸಿ ಕಲಾವಿದರಿಗೆ ಅಲ್ಲಿ ಇರಲು ಅನುಮತಿ ಕೊಟ್ಟಿತು. ಹೀಗೆ ಮನೆಯಾದ ಕಾರ್ಖಾನೆ ಮಹಡಿಗೆ ಲಾಫ್ಟ್ ಎನ್ನುತ್ತಾರೆ. 1982ರ ಲಾಫ್ಟ್ ಕಾನೂನು ಇಂಥ ಬಾಡಿಗೆದಾರರಿಗೆ ರಕ್ಷಣೆ ಕೊಟ್ಟಿತು. ಆಮೇಲೆ ಸೋಹೊದ ಬಾಡಿಗೆ ಎಲ್ಲಿಗೋ ಏರಿತು. ಬೋರ್ಡು ಹಾಕಿಕೊಂಡಿದ್ದವರಲ್ಲಿ ತುಂಬಾ ಜನ ಅಲ್ಲಿ ಉಳಿಯಲಾಗಲಿಲ್ಲ.

ಆಫೀಸ್ ಕಟ್ಟಡಗಳ ಸರದಿ ಬಂದದ್ದು 1990ರ ದಶಕದಲ್ಲಿ. 1980ರ ದಶಕದಲ್ಲಿ ಅಮೆರಿಕ ಬೇಕಾದ್ದಕ್ಕಿಂತ ಜಾಸ್ತಿ ಆಫೀಸ್ ಕಟ್ಟಿಬಿಟ್ಟಿತ್ತು. 1987ರಲ್ಲಿ ಷೇರುಪೇಟೆ ಕುಸಿಯಿತು. ವಾಲ್ ಸ್ಟ್ರೀಟ್ ಸುತ್ತಮುತ್ತಲಿನ ಹಳೇ ಗೋಪುರಗಳಲ್ಲಿ ಮಹಡಿಗಟ್ಟಲೆ ಜಾಗ ಖಾಲಿ. 1995ರಲ್ಲಿ ನ್ಯೂಯಾರ್ಕ್, ಆ ಭಾಗದ ಆಫೀಸ್‌ಗಳನ್ನು ಮನೆ ಮಾಡಿದವರಿಗೆ ದೊಡ್ಡ ತೆರಿಗೆ ವಿನಾಯಿತಿ ಕೊಟ್ಟಿತು. ಹತ್ತು ಹನ್ನೊಂದು ವರ್ಷದಲ್ಲಿ ಸುಮಾರು 13 ಸಾವಿರ ಮನೆಗಳಾದವು. ಸಂಜೆ ಆರಾದರೆ ನಿರ್ಜನವಾಗುತ್ತಿದ್ದ ಬೀದಿಗಳಲ್ಲಿ ಮಕ್ಕಳ ಗಾಡಿ ತಳ್ಳಿಕೊಂಡು ಹೋಗುವವರು ಕಾಣಿಸಿದರು. ಇದರಲ್ಲಿ ಹೆಚ್ಚಿನ ಪಾಲು ಆ ಹಳೇ, ತೆಳ್ಳನೆಯ ಕಟ್ಟಡಗಳದ್ದೇ. ಬಾಡಿಗೆಯ ವಿಷಯ ಮಾತ್ರ ಜಗಳವಾಗಿ ಉಳಿಯಿತು. ಕೆಲವು ಮಾಲೀಕರು ವಿನಾಯಿತಿಯನ್ನೂ ಪಡೆದು, ಬಾಡಿಗೆ ನಿಯಂತ್ರಣ ನಮಗೆ ಬರುವುದಿಲ್ಲ ಎಂದೂ ವಾದಿಸಿದರು. ಬರುತ್ತದೆ ಎಂದು ರಾಜ್ಯದ ಅತಿ ಮೇಲಿನ ಕೋರ್ಟು ಹೇಳಿದ್ದು 2019ರಲ್ಲಿ!

ಲಾಸ್ ಏಂಜಲೀಸ್ ಬೇರೆ ದಾರಿ ಹಿಡಿಯಿತು. ಅಲ್ಲಿನ ಸ್ಪ್ರಿಂಗ್ ಸ್ಟ್ರೀಟ್‌ನ ಹಳೇ ಬ್ಯಾಂಕ್ ಕಟ್ಟಡಗಳು ದಶಕಗಳಿಂದ ಖಾಲಿ ಇದ್ದವು. ಕೆಳಗೆ ಅಂಗಡಿ ನಡೆಯುತ್ತಿದ್ದರೂ ಮೇಲೆ ಧೂಳು. ಅದನ್ನು ಮನೆ ಮಾಡಲು ಹೊರಟರೆ ಹೊಸ ಕಟ್ಟಡದ ನಿಯಮಗಳೆಲ್ಲ ಬಂದು ಅಡ್ಡ ನಿಲ್ಲುತ್ತಿದ್ದವು. ಮನೆಗೆ ಇಷ್ಟು ಕಾರ್ ಪಾರ್ಕಿಂಗ್ ಬೇಕು ಎನ್ನುವುದು ಅದರಲ್ಲೊಂದು. 1920ರಲ್ಲಿ ಕಟ್ಟಿದ ಕಟ್ಟಡದಡಿ ಪಾರ್ಕಿಂಗ್ ಎಲ್ಲಿಂದ ತರುವುದು? 1999ರಲ್ಲಿ ನಗರ ಹೊಸ ಕಾನೂನು ಮಾಡಿ, ಹಳೇ ಕಟ್ಟಡಕ್ಕೆ ಹೊಸ ಪಾರ್ಕಿಂಗ್ ಬೇಡ ಎಂದಿತು. ಭೂಕಂಪ, ಬೆಂಕಿಯ ಸುರಕ್ಷತೆಯನ್ನು ಹಳೇ ಕಟ್ಟಡಕ್ಕೆ ಆಗುವ ಬೇರೆ ವಿಧಾನದಲ್ಲಿ ಸಾಧಿಸಲು ಬಿಟ್ಟಿತು. ಆಮೇಲೆ ಅಲ್ಲಿ 12 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದಿವೆ. ನನ್ನ ಲೆಕ್ಕದಲ್ಲಿ ಇದು ಸರಿಯಾದ ಸಡಿಲಿಕೆ. ಕಾರಿನ ಜಾಗ ಬಿಟ್ಟರು, ಮನುಷ್ಯರ ಜಾಗಕ್ಕೆ ಕೈ ಹಾಕಲಿಲ್ಲ.

ಕೈ ಹಾಕಿದರೆ ಏನಾಗುತ್ತದೆ ಎಂದು ನೋಡಬೇಕಾದರೆ ಇಂಗ್ಲೆಂಡಿಗೆ ಹೋಗಬೇಕು. 2013ರ ಮೇ ತಿಂಗಳಿಂದ ಅಲ್ಲಿ ಆಫೀಸ್ ಕಟ್ಟಡವನ್ನು ಮನೆ ಮಾಡಲು ಪೂರ್ತಿ ಯೋಜನಾ ಅನುಮತಿ ಬೇಕಿಲ್ಲ ಎಂದಾಯಿತು. ಸ್ಥಳೀಯ ಆಡಳಿತ ನೋಡಬಹುದಾದ ವಿಷಯಗಳ ಪಟ್ಟಿ ತುಂಬಾ ಚಿಕ್ಕದು. ಮನೆ ಎಷ್ಟು ದೊಡ್ಡದಿರಬೇಕು, ಒಳಗೆ ಬೆಳಕು ಬರುತ್ತದಾ ಎಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. ಸಾವಿರಾರು ಮನೆಗಳಾದವು, ಸಂಖ್ಯೆ ಚೆನ್ನಾಗಿಯೇ ಬೆಳೆಯಿತು. ಆದರೆ ಕೆಲವು ಕಡೆ ಒಂದು ಫ್ಲ್ಯಾಟಿನ ಅಳತೆ 20 ಚದರ ಮೀಟರಿಗಿಂತಲೂ ಕಡಿಮೆ. ಕೆಲವಕ್ಕೆ ಕಿಟಕಿಯೇ ಇಲ್ಲ. ಲಂಡನ್ ಬಳಿಯ ಹಾರ್ಲೊ ಪಟ್ಟಣದ ಇಂಥ ಮನೆಗಳಿಗೆ ಬೇರೆ ಊರಿನ ಆಡಳಿತಗಳು ತಮ್ಮ ನಿರ್ಗತಿಕ ಕುಟುಂಬಗಳನ್ನು ಕಳಿಸಿದವು. ಪುಟ್ಟ ಮಕ್ಕಳಿರುವ ಕುಟುಂಬಗಳೂ ಅದರಲ್ಲಿದ್ದವು. ದೂರುಗಳು ಬಂದವು, ಅಧ್ಯಯನಗಳಾದವು. ವಾಸದ ಪ್ರತಿ ಕೋಣೆಗೂ ಸಹಜ ಬೆಳಕು ಬೇಕು ಎಂಬ ನಿಯಮ ಬಂದದ್ದು 2020ರಲ್ಲಿ. ಕನಿಷ್ಠ 37 ಚದರ ಮೀಟರ್ ಇರಲೇಬೇಕು ಎಂದಾದದ್ದು 2021ರಲ್ಲಿ. ನಡುವಿನ ಏಳು ವರ್ಷದಲ್ಲಿ ಕಟ್ಟಿದ ಮನೆಗಳು ಹಾಗೇ ಉಳಿದಿವೆ. 1901ರಲ್ಲಿ ಒಂದು ಊರು ಕಲಿತ ಪಾಠವನ್ನು ಇನ್ನೊಂದು ದೇಶ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ನನಗೆ ತುಂಬಾ ನೋವು ಕೊಡುವ ಅಧ್ಯಾಯ ಇದು.

ಕೆನಡಾದ ಕ್ಯಾಲ್ಗರಿಗೆ ಈ ಕಷ್ಟ ಕೋವಿಡ್‌ಗಿಂತ ಮೊದಲೇ ಬಂದಿತ್ತು. ಅದು ತೈಲ ಕಂಪನಿಗಳ ಊರು. 2014ರಲ್ಲಿ ತೈಲದ ಬೆಲೆ ಬಿದ್ದಾಗ ಆಫೀಸ್‌ಗಳೂ ಖಾಲಿಯಾದವು. ಕೆಲವೇ ವರ್ಷದಲ್ಲಿ ಊರ ನಡುವಿನ ಆಫೀಸ್ ಜಾಗದಲ್ಲಿ ಮೂರರಲ್ಲೊಂದು ಪಾಲಿನ ಹತ್ತಿರ ಖಾಲಿ ಇತ್ತು. 2021ರಲ್ಲಿ ನಗರ, ಆಫೀಸ್ ಅನ್ನು ಮನೆ ಮಾಡುವವರಿಗೆ ಚದರ ಅಡಿಗೆ 75 ಕೆನಡಾ ಡಾಲರ್ ಕೊಡುತ್ತೇನೆ ಎಂದಿತು. ತೆರಿಗೆ ವಿನಾಯಿತಿಯ ಸುತ್ತುಬಳಸು ಇಲ್ಲ, ನೇರ ದುಡ್ಡು. 2031ರೊಳಗೆ 60 ಲಕ್ಷ ಚದರ ಅಡಿ ಆಫೀಸ್ ಜಾಗ ಕಡಿಮೆ ಮಾಡಬೇಕೆಂಬುದು ಗುರಿ. ಗೆನ್ಸ್ಲರ್ ಎಂಬ ವಾಸ್ತುಶಿಲ್ಪ ಸಂಸ್ಥೆ ಆಗ ಕಟ್ಟಡಗಳಿಗೆ ಅಂಕ ಕೊಡುವ ಒಂದು ವಿಧಾನ ಮಾಡಿತು. ಮಹಡಿಯ ಆಳ, ಕಿಟಕಿ, ಆಕಾರ, ಸುತ್ತಲಿನ ಜಾಗ, ಹೀಗೆ. ಆಮೇಲೆ ಬೇರೆ ಊರುಗಳ ನೂರಾರು ಕಟ್ಟಡಗಳನ್ನು ಹೀಗೆ ಅಳೆದಾಗ ಮನೆಯಾಗಲು ಸರಿಹೊಂದಿದ್ದು ಸುಮಾರು ನಾಲ್ಕರಲ್ಲಿ ಒಂದು ಮಾತ್ರ.

2023ರ ಕೊನೆಗೆ ಅಮೆರಿಕದ ದೊಡ್ಡ ಊರುಗಳಲ್ಲಿ ಖಾಲಿ ಆಫೀಸ್ ಜಾಗ ನೂರಕ್ಕೆ 19.6 ಮುಟ್ಟಿತು. 1986 ಮತ್ತು 1991ರ 19.3ರ ದಾಖಲೆಯನ್ನೂ ದಾಟಿತು. ಈ ಸಲ ಖಾಲಿಯಾದದ್ದು ಹಳೇ ತೆಳ್ಳನೆಯ ಕಟ್ಟಡಗಳಲ್ಲ. ಅವುಗಳಲ್ಲಿ ಒಳ್ಳೆಯವು ಎಷ್ಟೋ ಆಗಲೇ ಮನೆಯಾಗಿದ್ದವು. ಉಳಿದದ್ದು ಟ್ಯೂಬ್‌ಲೈಟ್ ಕಾಲದ ದಪ್ಪ ಕಟ್ಟಡಗಳು.

ಅಂಥದ್ದೊಂದನ್ನು ಹತ್ತಿರದಿಂದ ನೋಡೋಣ. ನ್ಯೂಯಾರ್ಕಿನ 25 ವಾಟರ್ ಸ್ಟ್ರೀಟ್. 1960ರ ದಶಕದ ಕೊನೆಯಲ್ಲಿ ಬ್ಯಾಂಕಿನ ಕೆಲಸಕ್ಕೆಂದು ಎದ್ದ 22 ಮಹಡಿಯ ಇಟ್ಟಿಗೆ ಕಟ್ಟಡ. ಒಳಗೆ ಮನುಷ್ಯರಿಗಿಂತ ಯಂತ್ರಗಳಿಗೆ ಮರ್ಯಾದೆ ಜಾಸ್ತಿ. ಹಾಗಾಗಿ ಗೋಡೆಯಲ್ಲಿ ಕಿಟಕಿ ಎನ್ನುವುದು ಬರೀ ಸೀಳು. ಇದನ್ನು ಮನೆ ಮಾಡಲು ಹೊರಟವರು ಕಟ್ಟಡದ ಹೊಟ್ಟೆಯನ್ನೇ ಕೊರೆದರು. ಮೇಲಿನಿಂದ ಕೆಳಗಿನವರೆಗೆ ಎರಡು ತೊಟ್ಟಿಗಳು, ಮಹಡಿ ಮಹಡಿಯ ಸ್ಲ್ಯಾಬನ್ನು ಕತ್ತರಿಸಿ ತೆಗೆದದ್ದು. ಹಾಗೆ ಕಳೆದುಕೊಂಡ ಜಾಗವನ್ನು ಮೇಲೆ ಹತ್ತು ಹೊಸ ಮಹಡಿ ಕಟ್ಟಿ ವಾಪಸ್ ಪಡೆದರು. ಹೊರಗಿನ ಇಟ್ಟಿಗೆ ಬಿಚ್ಚಿ ದೊಡ್ಡ ಕಿಟಕಿ ಕೂರಿಸಿದರು. ಒಟ್ಟು 1,320 ಮನೆ. 1916ಕ್ಕಿಂತ ಹಿಂದಿನವರು ಮೊದಲೇ ಬಿಡುತ್ತಿದ್ದ ತೊಟ್ಟಿಯನ್ನು, ಈ ಕಟ್ಟಡ ಎದ್ದು ಐವತ್ತು ವರ್ಷದ ಮೇಲೆ ಗರಗಸ ಹಿಡಿದು ಕೊರೆಯಬೇಕಾಯಿತು.

ಮೇಲೆ ಮಹಡಿ ಸೇರಿಸಿದರೆ ಭಾರ ತಾಳುತ್ತದಾ ಎಂದು ಕೇಳಬಹುದು. ಇಲ್ಲಿ ಆಫೀಸ್ ಕಟ್ಟಡಕ್ಕೆ ಒಂದು ಅನುಕೂಲ ಇದೆ. ಅಮೆರಿಕದ ಲೆಕ್ಕದಲ್ಲಿ ಆಫೀಸ್ ಮಹಡಿ ಚದರ ಅಡಿಗೆ 50 ಪೌಂಡ್ ಭಾರ ಹೊರಬೇಕು, ಮನೆಗೆ 40 ಸಾಕು. ಲಿಫ್ಟುಗಳೂ ಬೇಕಾದ್ದಕ್ಕಿಂತ ಹೆಚ್ಚಿರುತ್ತವೆ, ಏಕೆಂದರೆ ಬೆಳಿಗ್ಗೆ ಒಂಬತ್ತಕ್ಕೆ ಸಾವಿರಾರು ಜನರನ್ನು ಒಟ್ಟಿಗೆ ಮೇಲೆ ಕಳಿಸಲು ಇಟ್ಟದ್ದು. ಕಷ್ಟ ಕೊಡುವುದು ನೀರು. ಆಫೀಸ್‌ನಲ್ಲಿ ಮಹಡಿಗೆ ಒಂದೆರಡು ಶೌಚಾಲಯ, ಅದೂ ನಡುವೆ. ಮನೆಗಳಾದರೆ ಪ್ರತಿಯೊಂದಕ್ಕೂ ಅಡುಗೆಮನೆ, ಬಚ್ಚಲು, ಡ್ರೈನೇಜ್ ಪೈಪು. ಪ್ರತಿ ಪೈಪಿಗೂ ಸ್ಲ್ಯಾಬಿನಲ್ಲಿ ತೂತು. ಕೆಲವು ಸ್ಲ್ಯಾಬುಗಳೊಳಗೆ ಉಕ್ಕಿನ ಕೇಬಲ್‌ಗಳನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಗೊತ್ತಿಲ್ಲದೆ ಕೊರೆದು ಒಂದು ತುಂಡಾದರೆ ಜೀವಕ್ಕೇ ಅಪಾಯ. ಅದಕ್ಕೇ ಮೊದಲು ಸ್ಕ್ಯಾನ್ ಮಾಡಿ, ಗುರುತು ಹಾಕಿ, ಆಮೇಲೆ ಕೊರೆಯುತ್ತಾರೆ. ಖರ್ಚು ಏರುವುದು ಇಂಥ ಕಡೆಯೇ.

ಆ ಖರ್ಚು ಬಾಡಿಗೆಯ ಮೇಲೆ ಬೀಳುತ್ತದೆ. ಅದಕ್ಕೇ ನ್ಯೂಯಾರ್ಕ್ ರಾಜ್ಯ 2024ರಲ್ಲಿ ಹೊಸ ತೆರಿಗೆ ವಿನಾಯಿತಿ ತಂದಾಗ, ನಾಲ್ಕರಲ್ಲಿ ಒಂದು ಮನೆಯನ್ನು ಕಡಿಮೆ ವರಮಾನದವರಿಗೆ ಕೈಗೆಟಕುವ ಬಾಡಿಗೆಗೆ ಕೊಡಬೇಕು ಎಂಬ ಷರತ್ತು ಹಾಕಿತು. 1995ರಲ್ಲಿ ಇಂಥ ಷರತ್ತು ಇರಲಿಲ್ಲ. 2024ರ ಡಿಸೆಂಬರಿನಲ್ಲಿ ನಗರವೂ ನಿಯಮ ಬದಲಿಸಿತು. ಮೊದಲು ಹೆಚ್ಚಿನ ಕಡೆ 1961ಕ್ಕಿಂತ ಹಿಂದಿನ ಕಟ್ಟಡಗಳಿಗೆ ಮಾತ್ರ ಸಿಗುತ್ತಿದ್ದ ಮನೆಯಾಗುವ ಅವಕಾಶ 1990ರವರೆಗಿನ ಕಟ್ಟಡಗಳಿಗೂ ಸಿಕ್ಕಿತು.

ಆದರೂ ಎಲ್ಲರೂ ತೊಟ್ಟಿ ಕೊರೆಯುವುದಿಲ್ಲ. ಕೊರೆಯದ ಕಟ್ಟಡಗಳಲ್ಲಿ ಫ್ಲ್ಯಾಟುಗಳು ಉದ್ದಕ್ಕೆ ಒಳಗೆ ಹೋಗುತ್ತವೆ, ಕೊನೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ ಉಳಿಯುತ್ತದೆ. ಕಾನೂನಿನಂತೆ ಅದನ್ನು ಮಲಗುವ ಕೋಣೆ ಎಂದು ಕರೆಯುವ ಹಾಗಿಲ್ಲ. ಪ್ಲ್ಯಾನಿನಲ್ಲಿ ಅದರ ಮೇಲೆ ಹೋಮ್ ಆಫೀಸ್ ಎಂದು ಬರೆದಿರುತ್ತದೆ. ಬಾಡಿಗೆ ಹಂಚಿಕೊಳ್ಳಲು ಇಬ್ಬರು ಮೂವರು ಸೇರಿ ಮನೆ ಹಿಡಿದಾಗ ಯಾರೋ ಒಬ್ಬರ ಹಾಸಿಗೆ ಆ ಕೋಣೆಯಲ್ಲಿ ಬೀಳುತ್ತದೆ.