ಬೆದೆ ಮುಗಿದ ಮೇಲೆ ಗಂಡು ಎಲ್ಕ್ ಎಲ್ಲಿ ಅಡಗುತ್ತದೆ?

ಸೆಪ್ಟೆಂಬರ್‌ನಲ್ಲಿ ಅಮೆರಿಕದ ರಾಕಿ ಪರ್ವತಗಳಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಗಂಡು ಎಲ್ಲಿದೆ ಅಂತ ಯಾರೂ ಹೇಳಬೇಕಾಗಿಲ್ಲ. ಅದೇ ಕೂಗಿ ಹೇಳುತ್ತದೆ. ಬೆದೆಗಾಲದ ಆ ಕೂಗು ಸೀಟಿಯ ಹಾಗೆ ಕಣಿವೆ ದಾಟಿ ಕೇಳಿಸುತ್ತದೆ. ಬೇಟೆಗಾರ ಅದೇ ದನಿಯಲ್ಲಿ ಕೂಗಿದರೆ, ಎದುರಾಳಿ ಬಂದ ಅಂದುಕೊಂಡು ಹತ್ತಿರಕ್ಕೇ ಬರುವುದೂ ಉಂಟು. ಅಕ್ಟೋಬರ್ ಅರ್ಧ ಕಳೆಯುವಷ್ಟರಲ್ಲಿ ಈ ಗದ್ದಲ ಹೆಚ್ಚುಕಡಿಮೆ ನಿಲ್ಲುತ್ತದೆ. ದೊಡ್ಡ ಗಂಡುಗಳು ಕಾಣುವುದೇ ಇಲ್ಲ. ಕೊಲರಾಡೊ, ಮೊಂಟಾನಾ ರಾಜ್ಯಗಳಲ್ಲಿ ಬಂದೂಕಿನ ಬೇಟೆಗೆ ಅನುಮತಿ ಸಿಗುವ ಮುಖ್ಯ ವಾರಗಳು ಶುರುವಾಗುವುದು ಆಗಲೇ.

ಎಲ್ಲಿ ಹೋದವು? ಉತ್ತರ ಅವುಗಳ ಹೊಟ್ಟೆಯಲ್ಲಿದೆ.

ಎಲ್ಕ್ ನಮ್ಮ ಬಂಡೀಪುರ, ನಾಗರಹೊಳೆಯ ಕಡವೆಯ ದೂರದ ನೆಂಟ. ಬೆಳೆದ ಗಂಡು ಸುಮಾರು 300 ಕೆ.ಜಿ. ತೂಗುತ್ತದೆ. ಬೆದೆಯ ವಾರಗಳಲ್ಲಿ ಅದಕ್ಕೆ ಮೇಯಲು ಪುರುಸೊತ್ತೇ ಇರುವುದಿಲ್ಲ. ಹೆಣ್ಣುಗಳನ್ನು ಕಾಯಬೇಕು, ಬೇರೆ ಗಂಡುಗಳನ್ನು ಓಡಿಸಬೇಕು. ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬು ಕರಗಿ, ಮೈತೂಕದ ಐದನೇ ಒಂದು ಪಾಲಿನಷ್ಟು ಇಳಿಯಬಹುದು. ಕೊಂಬು ತಿವಿದ ಗಾಯಗಳು ಬೇರೆ. ಆಗ ಸಿಗುವ ಹುಲ್ಲೂ ಒಣಗಿ ಸತ್ವ ಕಳೆದುಕೊಂಡಿರುತ್ತದೆ. ಹಿಮ ಬೀಳಲು ಹೆಚ್ಚು ದಿನ ಉಳಿದಿರುವುದಿಲ್ಲ.

ಹಾಗಾಗಿ ಗಂಡು ಎಲ್ಕ್ ಹಿಂಡನ್ನು ಬಿಟ್ಟು ಹೊರಡುತ್ತದೆ. ದೊಡ್ಡ ಹಿಂಡಿನಲ್ಲಿದ್ದರೆ ಮೇವಿಗೆ ಪೈಪೋಟಿ, ತೋಳಗಳ ಕಣ್ಣಿಗೂ ಬೇಗ ಬೀಳಬೇಕು. ಹೋದ ತಿಂಗಳು ಕೊಂಬಿಗೆ ಕೊಂಬು ಕೊಟ್ಟವುಗಳೇ ಈಗ ಎರಡೋ ಮೂರೋ ಸೇರಿ ಜಗಳವಿಲ್ಲದೆ ಮೇಯುತ್ತವೆ. ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಇಳಿದಿದೆ, ಹಸಿವು ಏರಿದೆ. ಮೇವು, ಮಲಗಲು ದಟ್ಟ ಮರಗಳ ಮರೆ, ಜನರ ಕಾಟವಿಲ್ಲದ ಮೂಲೆ, ಇವೆಲ್ಲ ಒಂದೇ ಕಡೆ ಸಿಗುವ ಜಾಗ ಅವುಗಳಿಗೆ ಬೇಕು. ಸಿಕ್ಕರೆ ಸುಮ್ನೆ ಅಲ್ಲೇ ದಿನಗಟ್ಟಲೆ ಉಳಿದುಬಿಡುತ್ತವೆ.

ಇದು ಗೊತ್ತಿರುವ ಬೇಟೆಗಾರ ಕಾಡೆಲ್ಲ ಅಲೆಯುವುದಿಲ್ಲ. ಎದುರಿನ ಗುಡ್ಡದಲ್ಲಿ ಕೂತು, ಬೆಳಗ್ಗೆ ಸಂಜೆ ದುರ್ಬೀನಿನಲ್ಲಿ ಮರಗಳ ಅಂಚನ್ನು ನೋಡುತ್ತಾನೆ. ಹಿಮ ಬಿದ್ದಿದ್ದರೆ ಬಿಸಿಲು ಬೀಳುವ ದಕ್ಷಿಣದ ಇಳಿಜಾರು, ಗಾಳಿ ಹಿಮವನ್ನು ಗುಡಿಸಿಹಾಕಿದ ದಿಣ್ಣೆ ನೋಡುತ್ತಾನೆ. ಎಲ್ಕ್ ಕಂಡ ಮೇಲೂ ಆತುರಪಡುವಂತಿಲ್ಲ. ಬೆಟ್ಟದಲ್ಲಿ ಮುಂಜಾನೆಯ ತಣ್ಣನೆ ಗಾಳಿ ಕೆಳಕ್ಕೆ ಹರಿಯುತ್ತದೆ, ಬಿಸಿಲೇರಿದಂತೆ ಮೇಲಕ್ಕೆ ತಿರುಗುತ್ತದೆ. ಆ ತಿರುವಿನ ಹೊತ್ತಿನಲ್ಲಿ ಮನುಷ್ಯನ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಸಾಕು, ಎಲ್ಕ್ ಗುಡ್ಡವನ್ನೇ ಬಿಟ್ಟು ಹೋಗಬಹುದು. ಗಾಳಿ ಸರಿಯಿಲ್ಲದಿದ್ದರೆ ಹಿಂದಿರುಗಿ ಮರುದಿನ ಬರುವುದೇ ಜಾಣತನ. ಬೆದರದ ಗಂಡು ಬಹುಪಾಲು ಅಲ್ಲೇ ಇರುತ್ತದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಇಂಥ ಬೇಟೆಗೆ ಜಾಗವಿಲ್ಲ. ಅಮೆರಿಕದಲ್ಲಿ ಅದಕ್ಕೆ ಲೈಸೆನ್ಸ್, ಮಿತಿ, ಗೊತ್ತುಪಡಿಸಿದ ದಿನಗಳಿವೆ. 20ನೇ ಶತಮಾನದ ಆರಂಭದಲ್ಲಿ ಉತ್ತರ ಅಮೆರಿಕದಲ್ಲಿ 1 ಲಕ್ಷಕ್ಕಿಂತ ಕಡಿಮೆಯಾಗಿದ್ದ ಎಲ್ಕ್ ಈಗ ಸುಮಾರು 10 ಲಕ್ಷ ಇವೆ.

ಬೇಟೆ ಎಲ್ಕ್‌ಗಳಿಗೂ ಪಾಠ ಕಲಿಸುತ್ತದೆ. ಕೆನಡಾದ ಆಲ್ಬರ್ಟಾದಲ್ಲಿ ಸಂಶೋಧಕರು ಎಲ್ಕ್‌ಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನೋಡಿದರು. ಜಾಸ್ತಿ ಓಡಾಡಿದವು, ಬಯಲಿಗೆ ಬಂದವು ಗುಂಡಿಗೆ ಸಿಕ್ಕವು. ಕಡಿಮೆ ನಡೆದು ಮರೆಯಲ್ಲಿದ್ದವು ಉಳಿದವು. ಒಂಬತ್ತು ಹತ್ತು ವರ್ಷ ದಾಟಿದ ಹೆಣ್ಣುಗಳಂತೂ ಬೇಟೆಗಾರರ ಕೈಗೆ ಸಿಗುವುದೇ ಅಪರೂಪ. ವಯಸ್ಸಾದಂತೆ ಅವು ಬುದ್ಧಿ ಕಲಿಯುತ್ತವೆ ಅನ್ನುವುದು ನನಗೆ ಬಹಳ ಹಿಡಿಸಿದ ವಿಷಯ.

ಇನ್ನು ವರ್ಷಕ್ಕೊಮ್ಮೆ ಉದುರುವ ಆ ಕೊಂಬು. ಕಾದಾಟ ಮುಗಿದರೂ ಗಂಡು ಅದನ್ನು ಮಾರ್ಚ್-ಏಪ್ರಿಲ್‌ವರೆಗೆ ಹೊತ್ತು ತಿರುಗುತ್ತದೆ. ಯಾಕೆ? ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ತೋಳಗಳ ಬೇಟೆಯನ್ನು ಗಮನಿಸಿ 2018ರಲ್ಲಿ ಪ್ರಕಟವಾದ ಅಧ್ಯಯನ ಒಂದು ಕಾರಣ ಕೊಟ್ಟಿತು. ಕೊಂಬು ಬೇಗ ಉದುರಿಸಿದ ಗಂಡುಗಳು ಮೈಯಲ್ಲಿ ಗಟ್ಟಿಯಾಗಿದ್ದರೂ ತೋಳಗಳು ಅವುಗಳ ಮೇಲೆಯೇ ಹೆಚ್ಚು ಬಿದ್ದವು. ಅಂದರೆ ಚಳಿಗಾಲದಲ್ಲಿ ಕೊಂಬೇ ಕಾವಲು.

ಕೊಂಬು ಉದುರುವ ಹೊತ್ತಿಗೆ ಎಲ್ಕ್‌ನ ಮೈಯಲ್ಲಿ ಕೊಬ್ಬು ತೀರಾ ಕಡಿಮೆ. ಬಿದ್ದ ಕೊಂಬು ಆರಿಸಲು ಜನ ಕಾಡಿಗೆ ನುಗ್ಗಿದರೆ, ಬೆದರಿ ಓಡುವುದರಲ್ಲೇ ಉಳಿದ ಶಕ್ತಿಯೂ ಹೋಗುತ್ತದೆ. ಅದಕ್ಕೇ ಕೊಲರಾಡೊದ ಪಶ್ಚಿಮ ಭಾಗದ ಸಾರ್ವಜನಿಕ ಕಾಡುಗಳಲ್ಲಿ ಜನವರಿ 1ರಿಂದ ಏಪ್ರಿಲ್ 30ರವರೆಗೆ ಉದುರಿದ ಕೊಂಬು ಆರಿಸುವುದನ್ನೂ ನಿಷೇಧಿಸಿದ್ದಾರೆ.