ಸಿಪಿಯು 35 ಪರ್ಸೆಂಟ್ ಇದ್ದರೂ ಸಿಂಥ್ ಪಟಪಟ ಅನ್ನುವುದೇಕೆ?

ಗಣೇಶನ ಹಬ್ಬ ಹತ್ತಿರ ಬಂದಾಗ ಶುರುವಾಗುವ ಫೋನು ರಾಜ್ಯೋತ್ಸವದ ಆರ್ಕೆಸ್ಟ್ರಾಗಳು ಮುಗಿಯುವ ತನಕ ನಿಲ್ಲುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಸಿಂಥಸೈಜರ್ (ಸಿಂಥ್) ಸಾಫ್ಟ್‌ವೇರ್ ಹಾಕಿಕೊಂಡು ಕೀಬೋರ್ಡ್ ನುಡಿಸುವವರು ಬೇರೆಬೇರೆ, ದೂರು ಮಾತ್ರ ಒಂದೇ. "ಸಾರ್, ಹಿನ್ನೆಲೆಗೆ ಎಳೆದು ನುಡಿಸೋ ಪ್ಯಾಡ್ ಟೋನ್ ಹಿಡಿದ್ರೆ ಪಟಪಟ ಅಂತ ಒಡೀತದೆ. ರ‍್ಯಾಮ್ ಎಂಟು ಇದ್ದದ್ದನ್ನ ಹದಿನಾರು ಮಾಡಿಸ್ದೆ, ಎಸ್‌ಎಸ್‌ಡಿ ಹಾಕಿಸ್ದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಬರೀ 35 ಪರ್ಸೆಂಟ್ ತೋರಿಸ್ತಿದೆ. ಇನ್ನೇನು ಹಾಕಿಸ್ಲಿ?"

ಏನನ್ನೂ ಹಾಕಿಸಬೇಡಿ. ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಇನ್ನೊಂದು ಸಲ ಹೋಗುವ ಮೊದಲು ಇದನ್ನು ಪೂರ್ತಿ ಓದಿ.

ಸಾಫ್ಟ್‌ವೇರ್ ಸಿಂಥ್ ಬೇರೆ, ಸ್ಯಾಂಪ್ಲರ್ ಬೇರೆ. ಕಾಂಟ್ಯಾಕ್ಟ್‌ನಂಥ ಸ್ಯಾಂಪ್ಲರ್ ಮೊದಲೇ ರೆಕಾರ್ಡ್ ಮಾಡಿದ ವೀಣೆ, ಪಿಯಾನೊ, ಸ್ಟ್ರಿಂಗ್ಸ್‌ನ ತುಣುಕುಗಳನ್ನು ಡಿಸ್ಕ್‌ನಿಂದ ಎತ್ತಿ ನುಡಿಸುತ್ತದೆ. ಅದಕ್ಕೆ ರ‍್ಯಾಮೂ ಬೇಕು, ಎಸ್‌ಎಸ್‌ಡಿಯೂ ಬೇಕು. ಸಿಂಥ್ ಏನನ್ನೂ ಎತ್ತಿ ತರುವುದಿಲ್ಲ, ನೀವು ಕೀ ಒತ್ತಿದ ಕ್ಷಣದಲ್ಲಿ ನಾದವನ್ನು ಲೆಕ್ಕ ಹಾಕಿ ಹುಟ್ಟಿಸುತ್ತದೆ. ನಾದ ಹುಟ್ಟಿಸುವ ಆಸಿಲೇಟರ್, ಅದನ್ನು ಸೋಸುವ ಫಿಲ್ಟರ್, ಏರಿಳಿಸುವ ಎನ್ವಲಪ್ ಎಲ್ಲವೂ ಬರೀ ಗಣಿತ. ಅಲೆಯ ಮಾದರಿಗಳ ಪಟ್ಟಿ (ವೇವ್‌ಟೇಬಲ್) ಇಡಲು ಸ್ವಲ್ಪ ಜಾಗ ಬೇಕು, ಅಷ್ಟೆ. ಅದಕ್ಕೆ ನಾಲ್ಕು ಜಿಬಿ ಇದ್ದರೇನು, ಅರವತ್ನಾಲ್ಕು ಇದ್ದರೇನು?

ಇಷ್ಟು ಹೇಳಿದರೆ ಎಲ್ಲರೂ ಒಪ್ಪುತ್ತಾರೆ. ಒಪ್ಪದೆ ಇರುವುದು ಮುಂದಿನ ಮಾತನ್ನು. "ಸಿಪಿಯು 35 ಪರ್ಸೆಂಟ್ ಅಂದ್ರೆ ಇನ್ನೂ 65 ಖಾಲಿ ಇದೆಯಲ್ಲ ಸಾರ್" ಎನ್ನುತ್ತಾರೆ. ಈ ಒಂದು ಮಾತಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ, ದಯವಿಟ್ಟು ನಿಧಾನವಾಗಿ ಓದಿ.

ಸಿಡಿ ಗುಣಮಟ್ಟದ ಶಬ್ದಕ್ಕೆ ಒಂದು ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಶಬ್ದದ ಅಲೆಯ ಅಳತೆಗಳು, ಬೇಕು. ಕಂಪ್ಯೂಟರ್ ಅವನ್ನು ಒಂದೊಂದಾಗಿ ಕೊಡುವುದಿಲ್ಲ, ಕಂತು ಕಟ್ಟಿ ಕೊಡುತ್ತದೆ. ಆ ಕಂತೇ ಬಫರ್. ಬಫರ್ 128 ಎಂದು ಇಟ್ಟಿದ್ದರೆ ಒಂದು ಕಂತಿನಲ್ಲಿ 128 ಸ್ಯಾಂಪಲ್, ಅಂದರೆ 2.9 ಮಿಲಿಸೆಕೆಂಡಿನ ನಾದ. ಸೌಂಡ್ ಕಾರ್ಡ್ ಒಂದು ಕಂತನ್ನು ನುಡಿಸಿ ಮುಗಿಸುವಷ್ಟರಲ್ಲಿ ಮುಂದಿನದು ಸಿದ್ಧವಾಗಿರಬೇಕು. ಇಂಥ ಕಂತು ಸೆಕೆಂಡಿಗೆ ಸುಮಾರು 344. ಪ್ರತಿಯೊಂದಕ್ಕೂ ಅದದರದೇ 2.9 ಮಿಲಿಸೆಕೆಂಡಿನ ಗಡುವು. ಹಿಂದಿನ ಕಂತು ಬೇಗ ಮುಗಿಯಿತೆಂದು ಉಳಿದ ಸಮಯ ಮುಂದಿನದಕ್ಕೆ ಜಮಾ ಆಗುವುದಿಲ್ಲ. ಗಡುವು ತಪ್ಪಿದ ಕಂತಿನ ಜಾಗದಲ್ಲಿ ನಾದ ತುಂಡಾಗುತ್ತದೆ. ನಿಮಗೆ ಕೇಳಿಸುವ ಪಟ್ ಅದೇ.

ಈಗ ಲೆಕ್ಕ ನೋಡಿ. 344 ಕಂತುಗಳಲ್ಲಿ 343 ತಲಾ ಒಂದು ಮಿಲಿಸೆಕೆಂಡಿನಲ್ಲಿ ಮುಗಿದವು, ಒಂದೇ ಒಂದಕ್ಕೆ ನಾಲ್ಕು ಮಿಲಿಸೆಕೆಂಡ್ ಹಿಡಿಯಿತು ಎನ್ನಿ. ಆ ಸೆಕೆಂಡಿನಲ್ಲಿ ಒಟ್ಟು ಕೆಲಸ 347 ಮಿಲಿಸೆಕೆಂಡ್. ಎಲ್ಲವೂ ಸರಿಯಾಗಿದ್ದಿದ್ದರೆ 344 ಆಗುತ್ತಿತ್ತು. ಟಾಸ್ಕ್ ಮ್ಯಾನೇಜರ್ ಮಾಮೂಲಾಗಿ ಸೆಕೆಂಡಿಗೊಮ್ಮೆ ಸರಾಸರಿ ತೋರಿಸುತ್ತದೆ. ಅದರ ಪಾಲಿಗೆ ಎರಡಕ್ಕೂ ಏನೂ ವ್ಯತ್ಯಾಸವಿಲ್ಲ, ಪ್ರೊಸೆಸರಿನಲ್ಲಿ ಒಂದೇ ಕೋರ್ ಇದೆ ಎಂದುಕೊಂಡರೆ 34ರ ಜಾಗದಲ್ಲಿ 35 ಬಂದೀತು. ಆದರೆ ಸ್ಪೀಕರ್‌ನಲ್ಲಿ ಪಟ್ ಅಂದದ್ದನ್ನು ಕೊನೆಯ ಸಾಲಿನಲ್ಲಿ ಕೂತವರೂ ಕೇಳಿರುತ್ತಾರೆ. ಮೃದಂಗದವರು ಕಛೇರಿಯಲ್ಲಿ ಒಟ್ಟು ಎಷ್ಟು ಹೊತ್ತು ಕೈಕಟ್ಟಿ ಕೂತಿದ್ದರು ಎಂದು ಯಾರೂ ಕೇಳುವುದಿಲ್ಲ, ಎತ್ತಿಕೊಳ್ಳಬೇಕಾದ ಜಾಗಕ್ಕೆ ಸರಿಯಾಗಿ ಬಂದರೇ ಎಂದು ಕೇಳುತ್ತಾರೆ. ಸಿಂಥ್‌ಗೂ ಅಷ್ಟೇ. ಸರಾಸರಿಗೆ ಇಲ್ಲಿ ಬೆಲೆಯಿಲ್ಲ.

ಆ 35ರಲ್ಲಿ ಇನ್ನೊಂದು ಮೋಸವೂ ಇದೆ. ಮೂರನೇ ತಲೆಮಾರಿನ ಐ5 ಇರುವ ಸೆಕೆಂಡ್ ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್ ನಮ್ಮೂರಿನ ಬಹಳ ಕೀಬೋರ್ಡಿಸ್ಟ್‌ಗಳ ಕೈಯಲ್ಲಿದೆ. ಐ5-3320ಎಂ ಎಂದಿಟ್ಟುಕೊಳ್ಳಿ. ಎರಡು ಕೋರ್, ಅವುಗಳಲ್ಲಿ ಒಟ್ಟಿಗೆ ಕೆಲಸ ಓಡುವ ನಾಲ್ಕು ಸಾಲು, ಅಂದರೆ ಥ್ರೆಡ್. ವಿಂಡೋಸ್ ನಾಲ್ಕನ್ನೂ ಸೇರಿಸಿ ನೂರು ಎಂದು ಲೆಕ್ಕ ಹಿಡಿಯುತ್ತದೆ. ಒಂದು ಟ್ರ್ಯಾಕಿನಲ್ಲಿ ಕೂತ ಒಂದು ಸಿಂಥ್ ಬಹುಮಟ್ಟಿಗೆ ಒಂದೇ ಥ್ರೆಡ್‌ನಲ್ಲಿ ಓಡುತ್ತದೆ. ಆ ಥ್ರೆಡ್ ಉಸಿರು ಕಟ್ಟುವಷ್ಟು ದುಡಿಯುತ್ತಿದ್ದರೂ ಮೀಟರ್ ತೋರಿಸುವುದು ಸುಮಾರು 25. ಪಕ್ಕದ ಕೋರ್ ಖಾಲಿ ಕೂತಿದ್ದರೂ ಇದರ ಭಾರ ಹೊರಲು ಬರುವುದಿಲ್ಲ. ಹಾಗಾಗಿ ಟಾಸ್ಕ್ ಮ್ಯಾನೇಜರ್ ಮುಚ್ಚಿ, ನೀವು ನುಡಿಸುವ ಸಾಫ್ಟ್‌ವೇರ್‌ನ ಒಳಗೇ ಇರುವ ಆಡಿಯೋ ಮೀಟರ್ ನೋಡಿ. ಕ್ಯೂಬೇಸ್‌ನಲ್ಲಿ, ರೀಪರ್‌ನಲ್ಲಿ ಅದು ಇದೆ. ಅದು ಗಡುವಿನ ಲೆಕ್ಕವನ್ನು ಹೆಚ್ಚು ಪ್ರಾಮಾಣಿಕವಾಗಿ ಹೇಳುತ್ತದೆ.

ಹಾಗಾದರೆ ಒಂದು ಕಂತಿಗೆ ಮಾತ್ರ ಹೆಚ್ಚು ಹೊತ್ತು ಹಿಡಿಯುವುದೇಕೆ? ಬಹಳ ಸಲ ಕಾರಣ ನುಡಿಸುವವರ ಕಾಲಿನಲ್ಲಿರುತ್ತದೆ, ಕೈ ತೆಗೆದ ಮೇಲೂ ಸ್ವರವನ್ನು ಹಿಡಿದಿಡುವ ಸಸ್ಟೈನ್ ಪೆಡಲ್‌ನಲ್ಲಿ. ಹೋದ ವರ್ಷ ಬನಶಂಕರಿ ಕಡೆಯ ಒಬ್ಬ ಹುಡುಗ ಬಂದಿದ್ದ. ಭಕ್ತಿಗೀತೆಗೆ ಸೀರಮ್ ಎಂಬ ಸಿಂಥ್‌ನಲ್ಲಿ ಅಗಲವಾದ ಪ್ಯಾಡ್ ಇಟ್ಟುಕೊಂಡಿದ್ದ. ಎರಡು ಆಸಿಲೇಟರ್, ಒಂದೊಂದಕ್ಕೆ ಏಳು ಯೂನಿಸನ್, ಅಂದರೆ ಅದೇ ಸ್ವರದ ಏಳು ಪ್ರತಿ. ನಾಲ್ಕು ಸ್ವರದ ಕಾರ್ಡ್ ಹಿಡಿದರೆ ನಾಲ್ಕು ಗುಣಿಸು ಎರಡು ಗುಣಿಸು ಏಳು, ಐವತ್ತಾರು ಆಸಿಲೇಟರ್. ಪೆಡಲ್ ಒತ್ತಿಯೇ ಮುಂದಿನ ಕಾರ್ಡಿಗೆ ಹೋದರೆ ಹಳೆಯ ಐವತ್ತಾರು ಹೋಗಿರುವುದಿಲ್ಲ, ಹೊಸ ಐವತ್ತಾರು ಬಂದಿರುತ್ತದೆ. ಪೆಡಲ್ ಬಿಟ್ಟರೂ ನಾದ ಆರುವ ಹೊತ್ತನ್ನು, ಅಂದರೆ ರಿಲೀಸನ್ನು, ನಾಲ್ಕು ಸೆಕೆಂಡ್ ಇಟ್ಟಿದ್ದ. ಪಲ್ಲವಿಯಲ್ಲಿ ಇಲ್ಲದ ಸದ್ದು ಚರಣದಲ್ಲಿ ಕಾರ್ಡ್ ಬೇಗಬೇಗ ಬದಲಾದಾಗ ಯಾಕೆ ಬರುತ್ತದೆ ಎಂಬುದು ಅವನ ಪ್ರಶ್ನೆಯಾಗಿತ್ತು. ಯೂನಿಸನ್ ಏಳರಿಂದ ಮೂರಕ್ಕೆ ಇಳಿಸಿ, ರಿಲೀಸ್ ಒಂದೂವರೆ ಸೆಕೆಂಡ್ ಮಾಡಿ, ಒಟ್ಟಿಗೆ ನುಡಿಯುವ ಸ್ವರಗಳನ್ನು (ಪಾಲಿಫೋನಿ) ಎಂಟಕ್ಕೆ ಕಟ್ಟಿ, ಕೊನೆಗೆ ಸಭಾಂಗಣದ ಅನುರಣನದಂಥ ಒಂದು ರಿವರ್ಬ್ ಹಾಕಿದೆವು. ಅಗಲ ಹಾಗೇ ಉಳಿಯಿತು, ಪಟಪಟ ನಿಂತಿತು. "ಅಣ್ಣಾ, ಇಷ್ಟೇನಾ?" ಅಂದ. ಇಷ್ಟೇ. ಅವನು ಅದಾಗಲೇ ರ‍್ಯಾಮಿಗೆ ದುಡ್ಡು ಸುರಿದಾಗಿತ್ತು, ಅದೇ ನನಗೆ ಸಂಕಟ. ಆರ್ಕೆಸ್ಟ್ರಾದಲ್ಲಿ ನುಡಿಸಿ ಕೂಡಿಟ್ಟ ಹಣ ಅದು.

ಎರಡನೇ ಕಾರಣ ವಿದ್ಯುತ್ತು. ಹಳೆಯ ಲ್ಯಾಪ್‌ಟಾಪ್ ಕೆಲಸ ಕಡಿಮೆ ಇದೆ ಅನ್ನಿಸಿದ ಕೂಡಲೇ ವೇಗ ಇಳಿಸಿಕೊಳ್ಳುತ್ತದೆ. ಮೇಲೆ ಹೇಳಿದ ಐ5 3.3 ಗಿಗಾಹರ್ಟ್ಸ್‌ವರೆಗೆ ಏರಬಲ್ಲದು, 1.2ಕ್ಕೂ ಇಳಿಯಬಲ್ಲದು. ನೀವು ಕಾರ್ಡ್ ಹಿಡಿದ ಹೊತ್ತಿಗೆ ಅದು ಕೆಳಗಿದ್ದರೆ ಏರುವಷ್ಟರಲ್ಲಿ ಒಂದೆರಡು ಗಡುವು ತಪ್ಪಿರುತ್ತದೆ. ಪವರ್ ಪ್ಲ್ಯಾನನ್ನು ಹೈ ಪರ್ಫಾರ್ಮೆನ್ಸ್‌ಗೆ ಹಾಕಿ, ಬ್ಯಾಟರಿಯ ಮೇಲೆ ನುಡಿಸಬೇಡಿ. ಫ್ಯಾನಿನಲ್ಲಿ ಧೂಳು ಕಟ್ಟಿದ್ದರೆ ಪ್ರೊಸೆಸರ್ ಕಾದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಮೊದಲ ನಾಲ್ಕು ಹಾಡು ಚೆನ್ನಾಗಿದ್ದು ಆಮೇಲೆ ಒಡೆಯುವ ಯಂತ್ರಗಳಲ್ಲಿ ನಾನು ಮೊದಲು ತೆರೆದು ನೋಡುವುದು ಫ್ಯಾನನ್ನೇ.

ಮೂರನೆಯದು ಡ್ರೈವರ್, ಅಂದರೆ ಯಂತ್ರದ ಒಂದೊಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್. ವೈಫೈ, ಬ್ಲೂಟೂತ್, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿಯ ಡ್ರೈವರ್ ಕೂಡ, ಮಧ್ಯೆ ನುಗ್ಗಿ ಪ್ರೊಸೆಸರನ್ನು ಒಂದೆರಡು ಮಿಲಿಸೆಕೆಂಡ್ ಹಿಡಿದಿಟ್ಟುಕೊಳ್ಳಬಹುದು. ಲೇಟೆನ್ಸಿಮಾನ್ ಎಂಬ ಸಾಫ್ಟ್‌ವೇರ್ ಯಾವ ಡ್ರೈವರ್ ಎಷ್ಟು ಹೊತ್ತು ಹಿಡಿಯಿತೆಂದು ಹೆಸರು ಸಮೇತ ತೋರಿಸುತ್ತದೆ. ನುಡಿಸುವಾಗ ವೈಫೈ ಆಫ್ ಮಾಡಿ ನೋಡಿ, ಖರ್ಚಿಲ್ಲದ ಮೊದಲ ಪರೀಕ್ಷೆ ಅದು. ಐಟಿ ಕಂಪನಿಯಲ್ಲಿದ್ದು ಸಂಜೆ ಸಂಗೀತ ಮಾಡುವವರು ಆಫೀಸಿನ ಲ್ಯಾಪ್‌ಟಾಪನ್ನೇ ತರುತ್ತಾರೆ. ಅದರಲ್ಲಿ ಕಂಪನಿ ಹಾಕಿದ ಸೆಕ್ಯೂರಿಟಿ ಸಾಫ್ಟ್‌ವೇರ್ ಪ್ರತಿ ಫೈಲನ್ನೂ ತಡಕುತ್ತಿರುತ್ತದೆ. ಅದನ್ನು ನಿಲ್ಲಿಸಲು ನಿಮಗೂ ಅಧಿಕಾರವಿಲ್ಲ, ನನಗೂ ಇಲ್ಲ. ಅಂಥ ಯಂತ್ರವನ್ನು ನಾನು ಮುಟ್ಟುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ಹಳೆಯ ಪ್ಲಗಿನ್‌ಗಳಲ್ಲಿ ಇನ್ನೊಂದು ವಿಚಿತ್ರ ಕಾಣಿಸುತ್ತದೆ (ಮುಖ್ಯ ಸಾಫ್ಟ್‌ವೇರ್‌ನ ಒಳಗೆ ಓಡುವ ಸಿಂಥ್, ರಿವರ್ಬ್‌ನಂಥವೇ ಪ್ಲಗಿನ್). ನುಡಿಸುವಾಗ ಸರಿ, ಕೈ ತೆಗೆದು ನಾದ ಆರಿಹೋಗುವಾಗ ಲೋಡ್ ಏರುತ್ತದೆ. ರಿವರ್ಬ್‌ನ ಬಾಲ ಸಣ್ಣದಾಗುತ್ತ ಹೋಗಿ ಸೊನ್ನೆಗೆ ತೀರಾ ಹತ್ತಿರದ, ಆದರೆ ಸೊನ್ನೆಯಲ್ಲದ ಸಂಖ್ಯೆಗಳಾಗುತ್ತದೆ. ಕೇಳಿಸುವಷ್ಟು ದೊಡ್ಡವಲ್ಲ, ಆದರೆ ಅಷ್ಟು ಸಣ್ಣ ಸಂಖ್ಯೆಯ ಲೆಕ್ಕಕ್ಕೆ ಪ್ರೊಸೆಸರ್ ಬೇರೆಯೇ ನಿಧಾನದ ದಾರಿ ಹಿಡಿಯುತ್ತದೆ. ಪೆಂಟಿಯಮ್ 4 ಕಾಲದಲ್ಲಿ ಇದರ ಕಾಟ ಬಹಳ ಇತ್ತು. ಈಗಿನ ಪ್ಲಗಿನ್‌ಗಳು ಅಂಥ ಸಂಖ್ಯೆಯನ್ನು ಸೊನ್ನೆ ಎಂದೇ ಎಣಿಸಿಬಿಡುತ್ತವೆ. ಸದ್ದಿಲ್ಲದಾಗ ಮೀಟರ್ ಏರಿದರೆ ಹಳೆಯ ಪ್ಲಗಿನ್ ಮೇಲೆ ಅನುಮಾನ ಪಡಿ.

ಬಫರ್ ಹೆಚ್ಚಿಸಿದರೆ ಗಡುವು ಸಡಿಲವಾಗುತ್ತದೆ, ನಿಜ. 256ಕ್ಕೆ 5.8 ಮಿಲಿಸೆಕೆಂಡ್, 512ಕ್ಕೆ 11.6. ಆದರೆ ಅಷ್ಟು ತಡವಾಗಿ ಸದ್ದು ನಿಮ್ಮ ಕಿವಿಗೆ ಬರುತ್ತದೆ. 11.6 ಮಿಲಿಸೆಕೆಂಡಿನಲ್ಲಿ ಶಬ್ದ ಗಾಳಿಯಲ್ಲಿ ಸುಮಾರು ನಾಲ್ಕು ಮೀಟರ್ ಸಾಗುತ್ತದೆ, ಸ್ಪೀಕರನ್ನು ಅಷ್ಟು ದೂರ ಇಟ್ಟು ನುಡಿಸಿದ ಹಾಗೆ. ಇದರ ಮೇಲೆ ಸೌಂಡ್ ಕಾರ್ಡಿನ ಸ್ವಂತ ತಡ ಬೇರೆ. ವೇದಿಕೆಗೆ 256, ಮನೆಯಲ್ಲಿ ಮಿಕ್ಸ್ ಮಾಡಲು 1024 ಎಂದು ಸಾಮಾನ್ಯವಾಗಿ ಹೇಳುತ್ತೇನೆ. ನಿಮ್ಮ ಯಂತ್ರ, ನಿಮ್ಮ ಕೈ ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ. ವಿಂಡೋಸ್‌ನಲ್ಲಿ ಎಎಸ್‌ಐಒ ಡ್ರೈವರ್ ಇಲ್ಲದೆ ಈ ಮಾತುಕತೆಗೆ ಅರ್ಥವೇ ಇಲ್ಲ. ಕ್ಯೂಬೇಸ್ ಮಾಡುವ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ಅದನ್ನು ತಂದದ್ದೇ ಈ ತಡ ತಪ್ಪಿಸಲು. ಹೊರಗಿನ ಸೌಂಡ್ ಕಾರ್ಡ್ (ಇಂಟರ್‌ಫೇಸ್) ಇದ್ದರೆ ಅದರ ಕಂಪನಿಯದೇ ಡ್ರೈವರ್ ಹಾಕಿ. ಬರೀ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಾದರೆ ಎಎಸ್‌ಐಒ4ಆಲ್ ಹಾಕಿ ನೋಡಿ.

ಇನ್ನು ಯಾವ ಸಿಂಥ್ ಹಳೆಯ ಯಂತ್ರದಲ್ಲಿ ಓಡುತ್ತದೆ ಎಂಬುದು. ಕೊಳ್ಳುವ ಮುನ್ನ ಪ್ರೊಸೆಸರಿನ ಪೂರ್ತಿ ಮಾದರಿ ಸಂಖ್ಯೆ ನೋಡಿ, "ಐ5" ಎಂದಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ. ವಿಂಡೋಸ್‌ನಲ್ಲಿ ಮ್ಯಾಸಿವ್ ಎಕ್ಸ್ ಎಂಬ ಸಿಂಥ್‌ಗೆ ಎವಿಎಕ್ಸ್ ಎಂಬ ಸೌಲಭ್ಯವಿರುವ ಪ್ರೊಸೆಸರ್ ಬೇಕೇ ಬೇಕು. ಇಂಟೆಲ್‌ನಲ್ಲಿ ಅದು ಬಂದದ್ದು 2011ರ ಎರಡನೇ ತಲೆಮಾರಿನ ಕೋರ್ ಸರಣಿಯಿಂದ. ಕೋರ್ 2 ಡುಯೋದಲ್ಲಿ ಇಲ್ಲ, ಮೊದಲ ತಲೆಮಾರಿನ ಐ5, ಐ7ನಲ್ಲೂ ಇಲ್ಲ, ಆಮೇಲೆ ಎಷ್ಟೋ ವರ್ಷ ಪೆಂಟಿಯಮ್, ಸೆಲೆರಾನ್ ಹೆಸರಿನವುಗಳಲ್ಲೂ ಇರಲಿಲ್ಲ. ಇದು ನಿಧಾನದ ಪ್ರಶ್ನೆಯಲ್ಲ, ಅದಿಲ್ಲದ ಯಂತ್ರದಲ್ಲಿ ಅದು ಓಡುವುದೇ ಇಲ್ಲ. ಸಿಪಿಯು-ಝಡ್ ತೆರೆದರೆ ಇದೆಯೋ ಇಲ್ಲವೋ ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ. ಡೀವಾ ಎಂಬ ಇನ್ನೊಂದು ಸಿಂಥ್ ತೆರೆದುಕೊಳ್ಳುತ್ತದೆ, ಆದರೆ ಅದರ ಫಿಲ್ಟರ್ ಲೆಕ್ಕ ಬಹಳ ಭಾರ. ಅಕ್ಯುರಸಿ ಎಂಬ ಸೆಟ್ಟಿಂಗನ್ನು ಡಿವೈನ್‌ನಿಂದ ಡ್ರಾಫ್ಟ್‌ಗೆ ಇಳಿಸಿ ನುಡಿಸಿ, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಮತ್ತೆ ಏರಿಸಿ. ಎಕ್ಸ್‌ಪೋರ್ಟ್‌ನಲ್ಲಿ ಗಡುವಿಲ್ಲ, ಎಷ್ಟು ಹೊತ್ತಾದರೂ ತೆಗೆದುಕೊಳ್ಳಲಿ. ಡೀವಾದಲ್ಲಿ ಮಲ್ಟಿಕೋರ್ ಗುಂಡಿಯೂ ಇದೆ. ಹಳೆಯ ಯಂತ್ರದಲ್ಲಿ ಅದನ್ನು ಒತ್ತಿಯೂ ನೋಡಿ, ಬಿಟ್ಟೂ ನೋಡಿ.

ನನಗೆ ಮೆಚ್ಚಿನವು ಹಗುರವಾದವು. ನಾರ್ಡ್ ಲೀಡ್ 2 ಎಂಬ ಕೀಬೋರ್ಡ್ ಸಿಂಥ್‌ನ ಮಾದರಿಯಲ್ಲಿ ಮಾಡಿದ ಸಿಂಥ್1 ಪುಕ್ಕಟೆ, ತೀರಾ ಹಳೆಯ ಯಂತ್ರದಲ್ಲೂ ಬೆವರುವುದಿಲ್ಲ. ಯಮಹಾದ 1983ರ ಡಿಎಕ್ಸ್7 ಸಿಂಥ್‌ನ ದನಿ ಬೇಕಾದವರಿಗೆ ಡೆಕ್ಸ್‌ಡ್ ಇದೆ, ಅದೂ ಪುಕ್ಕಟೆ. ಎಂಬತ್ತರ ದಶಕದ ಹಾಡುಗಳ ಎಲೆಕ್ಟ್ರಿಕ್ ಪಿಯಾನೊ, ಗಂಟೆಯಂಥ ಟೋನ್‌ಗಳನ್ನು ಆರ್ಕೆಸ್ಟ್ರಾದವರು ಹುಡುಕುತ್ತಲೇ ಇರುತ್ತಾರೆ. ಡಿಎಕ್ಸ್7 ಒಮ್ಮೆಗೆ ಹದಿನಾರು ಸ್ವರ ನುಡಿಸಬಲ್ಲ ಯಂತ್ರವಾಗಿತ್ತು, ಅಷ್ಟರಲ್ಲೇ ಆ ಕಾಲದ ಸಂಗೀತವೆಲ್ಲ ಆಯಿತು. ನಿಮ್ಮ ಪ್ಯಾಡ್‌ಗೆ ನೂರಹನ್ನೆರಡು ಆಸಿಲೇಟರ್ ನಿಜವಾಗಿ ಬೇಕೇ ಎಂದು ನಾನು ಕೇಳುವುದು ಇದಕ್ಕೇ.

ಕೊನೆಯದಾಗಿ 32 ಬಿಟ್ ವಿಷಯ, ಅಂದರೆ ಈಗಿನ 64 ಬಿಟ್‌ಗಿಂತ ಹಿಂದಿನ ಬಗೆಯ ಸಾಫ್ಟ್‌ವೇರ್ ವಿಷಯ. ಕ್ಯೂಬೇಸ್ 2016ರ ಕೊನೆಯಲ್ಲಿ ಬಂದ 9ನೇ ಆವೃತ್ತಿಯಿಂದ 32 ಬಿಟ್ ಪ್ಲಗಿನ್‌ಗಳನ್ನು ಕೈಬಿಟ್ಟಿತು. ಮ್ಯಾಕ್ 2019ರ ಕ್ಯಾಟಲಿನಾದಿಂದ 32 ಬಿಟ್ ಸಾಫ್ಟ್‌ವೇರನ್ನೇ ಬಿಟ್ಟಿತು. ಸುಗಮ ಸಂಗೀತ ಕಲಿಸುವ ಒಬ್ಬ ಮೇಡಮ್ ತಮ್ಮ ಹಳೆಯ ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕ್ ಮಾತ್ರ ಉಳಿಸಿಕೊಂಡು, ಯಂತ್ರವನ್ನು ಗುಜರಿಗೆ ಕೊಟ್ಟು ಬಂದಿದ್ದರು. ಮಕ್ಕಳಿಗಾಗಿ ರಾಗ ಹಾಕಿದ ಹಾಡುಗಳ ಪ್ರಾಜೆಕ್ಟ್ ಎಲ್ಲವೂ ಇತ್ತು, ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಸ್ವರಗಳು ಕಾಣುತ್ತಿದ್ದವು, ಸಿಂಥ್ ಇರಲಿಲ್ಲ, ಸದ್ದಿರಲಿಲ್ಲ. ಹಳೆಯ 32 ಬಿಟ್ ಪ್ಲಗಿನ್ ಓಡಿಸುವ ಜೆಬ್ರಿಡ್ಜ್ ಹಾಕಿ ಕೆಲವನ್ನು ಮಾತ್ರ ಎಬ್ಬಿಸಲು ಸಾಧ್ಯವಾಯಿತು.

ಹಾಗಾಗಿ ಹಳೆಯ ಯಂತ್ರ ಇನ್ನೂ ಆನ್ ಆಗುತ್ತಿರುವಾಗಲೇ ಒಂದು ಭಾನುವಾರ ಕೂತು ಪ್ರತಿ ಹಾಡಿನ ಪ್ರತಿ ಟ್ರ್ಯಾಕನ್ನೂ ಮೊದಲ ಬಾರ್‌ನಿಂದ ಕೊನೆಯವರೆಗೆ ಬೇರೆಬೇರೆ ವೇವ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ. ಸ್ವರಗಳನ್ನು ಬರೆದಿಟ್ಟ ಮಿಡಿ ಫೈಲನ್ನೂ ಪಕ್ಕಕ್ಕೆ ಇಡಿ, ಪ್ರಿಸೆಟ್‌ನ ಹೆಸರನ್ನು, ಹಾಡಿನ ಟೆಂಪೊವನ್ನು ಫೈಲಿನ ಹೆಸರಿನಲ್ಲೇ ಬರೆಯಿರಿ. ಎರಡು ಬೇರೆ ಡಿಸ್ಕ್‌ಗಳಲ್ಲಿ ಪ್ರತಿ ಇರಲಿ. ಎಕ್ಸ್‌ಪೋರ್ಟ್ ಆದದ್ದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ಕೇಳಿದ ಮೇಲೆಯೇ ಗುಜರಿಯವರಿಗೆ ಫೋನ್ ಮಾಡಿ.