ಕಾಫಿ ಮೂಟೆಯ ಅಡಿಯ ಹಲಗೆ, ಆಮೇಲೆ ಬಂದ ಫೋರ್ಕ್‌ಲಿಫ್ಟ್

ಹಾಸನ, ಚಿಕ್ಕಮಗಳೂರಿನ ಕಾಫಿ ಗೋದಾಮುಗಳಲ್ಲಿ ಮೂಟೆಯನ್ನು ಬರೀ ನೆಲದ ಮೇಲೆ ಇಡಬಾರದು ಅನ್ನೋದು ಹಳೇ ಪಾಠ. ಮಳೆಗಾಲದ ಥಂಡಿಗೆ ಸಿಮೆಂಟ್ ನೆಲವೂ ಬೆವರುತ್ತದೆ. ಒಣಗಿದ ಕಾಫಿ ಆ ತೇವ ಎಳೆದುಕೊಂಡರೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಕೆಳಗೆ ಮರದ ಹಲಗೆ ಹಾಕಿ, ಗೋಡೆಯಿಂದ ಸ್ವಲ್ಪ ದೂರ ಬಿಟ್ಟು ಅಟ್ಟಿ ಹಾಕುತ್ತಾರೆ. ಅಂದರೆ ಸರಕನ್ನು ನೆಲದಿಂದ ಎತ್ತರಿಸಿ ಇಡುವ ಹಲಗೆ ಚೌಕಟ್ಟಾದ ಪ್ಯಾಲೆಟ್‌ನ ಅರ್ಧ ಕೆಲಸ ಇಲ್ಲಿ ಮೊದಲೇ ಆಗಿತ್ತು. ಅದರಡಿ ಕಬ್ಬಿಣದ ಫೋರ್ಕ್ ತೂರಿಸಿ ಮೂಟೆ ಸಮೇತ ಎತ್ತುವುದು ಮಾತ್ರ ತಡವಾಗಿ ಬಂತು.

ಅಮೆರಿಕದಲ್ಲಿ ಕ್ಲಾರ್ಕ್ ಕಂಪನಿ 1917ರಲ್ಲೇ ಕಾರ್ಖಾನೆಯೊಳಗೆ ಸಾಮಾನು ಸಾಗಿಸುವ ಮೋಟಾರು ಬಂಡಿ ಮಾಡಿತ್ತು. ಪ್ಯಾಲೆಟ್ ಎಲ್ಲ ಕಡೆ ಹಬ್ಬಿದ್ದು ಎರಡನೇ ಮಹಾಯುದ್ಧದ ಸರಕು ಸಾಗಣೆಯಿಂದ. ನಮ್ಮಲ್ಲಿ ಅದೇ ಹೊತ್ತಿಗೆ ಎಲ್ಲರ ಕಾಫಿ ಒಟ್ಟುಗೂಡಿಸಿ ಮಾರುವ ಕಾಫಿ ಬೋರ್ಡಿನ ಪೂಲ್ ಪದ್ಧತಿ ಶುರುವಾಗಿತ್ತು. 1990ರ ದಶಕದಲ್ಲಿ ಅದು ಮುಗಿಯುವವರೆಗೂ ಬೆಳೆಗಾರರ ಕಾಫಿ, ಸಿಪ್ಪೆ ತೆಗೆದು ದರ್ಜೆ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳ ಮೂಲಕವೇ ಹೋಗಬೇಕಿತ್ತು. ಸುಗ್ಗಿಯಲ್ಲಿ ಲಾರಿ ಮೇಲೆ ಲಾರಿ. ಇಳಿಸುತ್ತಿದ್ದವರು ಹಮಾಲರು.

ಎಷ್ಟು ಭಾರ ಹೊರಿಸಬಹುದು? 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್, ಪೆಟ್ಟಾಗುವಷ್ಟು ಭಾರ ಹೊರಿಸಬಾರದು ಎಂದಿತು. ಎಷ್ಟು ಕೆಜಿ ಅನ್ನುವುದನ್ನು ರಾಜ್ಯಗಳ ನಿಯಮಕ್ಕೆ ಬಿಟ್ಟಿತು. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ವಯಸ್ಕ ಗಂಡಸಿಗೆ 55 ಕೆಜಿ ಮಿತಿ ಎಂದು ಶಿಫಾರಸು ಮಾಡಿತು. ಇವತ್ತು ಇಲ್ಲಿ ಕಾಫಿ ರೇಟು ಹೇಳುವುದೇ 50 ಕೆಜಿ ಮೂಟೆಗೆ. ರಫ್ತಿನ ಚೀಲ ಮಾತ್ರ 60 ಕೆಜಿ. ಬೆನ್ನಿಗೆ ಆ ಹೆಚ್ಚಿನ ಹತ್ತು ಕೆಜಿ ಗೊತ್ತಾಗದೆ ಇರುತ್ತಾ?

ಈಗಿನ ಸಲಕರಣೆಗಳಲ್ಲಿ ಪ್ಯಾಲೆಟ್ ಅಡಿ ಫೋರ್ಕ್ ತೂರಿಸಿ ಕೈಯಲ್ಲೇ ಎಳೆಯುವ ಗಾಡಿ, ಅಂದರೆ ಕೈ ಪ್ಯಾಲೆಟ್ ಟ್ರಕ್ಕೇ ನನಗೆ ಜಾಸ್ತಿ ಇಷ್ಟ. 50 ಕೆಜಿಯ 20 ಮೂಟೆ ಅಂದರೆ ಒಂದು ಟನ್. ಹಿಡಿಯನ್ನು ಹತ್ತಾರು ಸಲ ಮೇಲೆ ಕೆಳಗೆ ಆಡಿಸಿದರೆ ಎಣ್ಣೆಯ ಒತ್ತಡಕ್ಕೆ ಅಷ್ಟೂ ಭಾರ ನೆಲ ಬಿಟ್ಟು ಏಳುತ್ತದೆ. ಹಿಡಿಯಲ್ಲಿರುವ ಸಣ್ಣ ಲಿವರ್ ಒತ್ತಿದರೆ ಎಣ್ಣೆ ವಾಪಸ್ ಹೋಗಿ ಮೆಲ್ಲಗೆ ಇಳಿಯುತ್ತದೆ. ಕರೆಂಟು ಬೇಡ, ಡೀಸೆಲ್ ಬೇಡ. ಆದರೆ ಅಟ್ಟಿ ಹಾಕಲು ಆಗಲ್ಲ, ಏಳುವುದು ಗೇಣು ಎತ್ತರ ಅಷ್ಟೇ. ಎತ್ತರಕ್ಕೆ ಸ್ಟ್ಯಾಕರ್ ಬೇಕು, ಓಣಿ ಕಿರಿದಾಗಿ ರ‍್ಯಾಕ್ ಎತ್ತರವಿದ್ದರೆ ಫೋರ್ಕನ್ನು ಮುಂದಕ್ಕೆ ಚಾಚುವ ರೀಚ್ ಟ್ರಕ್.

ಫೋರ್ಕ್‌ಲಿಫ್ಟ್ ಕೊಳ್ಳುವವರು ಟನ್ನು ನೋಡುತ್ತಾರೆ. ಕಾಫಿಗೆ ಅದಕ್ಕಿಂತ ಮುಖ್ಯ ಹೊಗೆ. ಬೀಜ ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ, ಮುಚ್ಚಿದ ಗೋದಾಮಿಗೆ ಡೀಸೆಲ್ ಗಾಡಿ ಬಿಟ್ಟರೆ ಕುಡಿಯುವ ಕಾಫಿಯಲ್ಲಿ ಗೊತ್ತಾಗುತ್ತದೆ. ಬ್ಯಾಟರಿ ಗಾಡಿಯೇ ವಾಸಿ. ಬ್ಯಾಟರಿಯ ಭಾರವೂ ದಂಡವಲ್ಲ. ಮುಂದೆ ಮೂಟೆ ಎತ್ತಿದಾಗ ಗಾಡಿ ಮಗುಚದಂತೆ ಹಿಂದೆ ಅದೇ ತೂಗಿಸುತ್ತದೆ.

ಇಷ್ಟಾದರೂ ಹಮಾಲರ ಕೆಲಸ ನಿಂತಿಲ್ಲ. ಕಾರಣ ಲಾರಿ. ತೋಟದಿಂದ ಬರುವ ಲಾರಿಯಲ್ಲಿ ಮೂಟೆ ಬಿಡಿಬಿಡಿ, ಪ್ಯಾಲೆಟ್ ಇರುವುದಿಲ್ಲ. ಲಾರಿ ತಳದ ಮಟ್ಟಕ್ಕೆ ಕಟ್ಟೆ ಇಲ್ಲದ ಕಡೆ ಪ್ಯಾಲೆಟ್ ಟ್ರಕ್ ಸುಮ್ನೆ ಮೂಲೆ ಸೇರುತ್ತದೆ. ರಫ್ತಿಗೂ ಅಷ್ಟೆ, 20 ಅಡಿ ಕಂಟೈನರಿನಲ್ಲಿ 60 ಕೆಜಿಯ ಸುಮಾರು 320 ಚೀಲ ಬಿಡಿಯಾಗಿಯೇ ಜೋಡಿಸುತ್ತಾರೆ, ಪ್ಯಾಲೆಟ್ ಇಟ್ಟರೆ ಅಷ್ಟು ಜಾಗ ದಂಡ. ಒಂದು ಟನ್ ಹಿಡಿಯುವ ಜಂಬೊ ಬ್ಯಾಗ್ ಬಂದಲ್ಲಿ ಮಾತ್ರ ಲೆಕ್ಕ ಬೇರೆ. ಅದರ ನಾಲ್ಕು ಕಿವಿಗೆ ಫೋರ್ಕ್ ಸಿಗಿಸಲೇಬೇಕು, ಬೆನ್ನಿಗೆ ಅದು ಸಾಧ್ಯವೇ ಇಲ್ಲ.